ಸಂದೂಕದಲ್ಲಿ ನಾಲ್ಕು ಲಿಪಿ

ಬೀದರ ಜಿಲ್ಲೆ ಔರಾದ ತಾಲ್ಲೂಕಿನ ಹೋಬಳಿ ಊರು ಚಿಂತಾಕಿ. ಇಲ್ಲಿಂದ ನಾರಾಯಣಖೇಡದ ಕಡೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಅಂಗಡಿಗಳ ಫಲಕ ತೆಲುಗಾಗುತ್ತದೆ. ಔರಾದ, ಕಮಲನಗರ ದಾಟಿ ಉದಗೀರದ ದಾರಿ ಹಿಡಿದರೆ ಮರಾಠಿಯಾಗುತ್ತದೆ. ಈ ಸೀಮೆಯ ಹಳೆಯ ಮನೆಗಳಲ್ಲಿ ಜೋಳದ ಚೀಲಗಳ ಹಿಂದೆಯೋ ದೇವರ ಜಗುಲಿಯ ಮಗ್ಗುಲಲ್ಲೋ ಒಂದು ತಗಡಿನ ಸಂದೂಕ ಕೂತಿರುತ್ತದೆ. ಎಪ್ಪತ್ತು ದಾಟಿದ ಮೇಲೆ ತಮ್ಮ ಬದುಕಿನ ಕಥೆ ಬರೆಯಬೇಕೆಂದು ಮನಸ್ಸು ಮಾಡಿದ ನಿವೃತ್ತ ಮಾಸ್ತರರು ಮೊದಲು ತೆರೆಯುವುದು ಅದನ್ನೇ. ಮೊದಲು ದಂಗಾಗುವುದೂ ಅದರ ಮುಂದೆಯೇ.

ಏಕೆಂದರೆ ಅಪ್ಪ, ಅಜ್ಜ ಬಿಟ್ಟುಹೋದ ಕಾಗದ ಮೊಮ್ಮಗನಿಗೆ ಓದಲು ಬರುವುದಿಲ್ಲ. ಜಮೀನಿನ ಪತ್ರ ಉರ್ದುವಿನಲ್ಲಿ, ಅದೂ ಕಚೇರಿ ಗುಮಾಸ್ತರು ಅವಸರದಲ್ಲಿ ಎಳೆದ ಶಿಕಸ್ತಾ ಬರಹದಲ್ಲಿ ಇರುತ್ತದೆ. ಶಿಕಸ್ತಾ ಎಂಬ ಮಾತಿನ ಅರ್ಥವೇ ‘ಮುರಿದದ್ದು’. ಸಾವುಕಾರನ ಸಾಲದ ಚೀಟಿ ಮೋಡಿ ಲಿಪಿಯ ಮರಾಠಿಯಲ್ಲಿ. ಗಡಿಯಾಚೆಯ ಬೀಗರ ಮನೆಯಿಂದ ಬಂದ ಪತ್ರ ತೆಲುಗಿನಲ್ಲಿ. ಮಠದ ರಸೀದಿ, ಲಗ್ನಪತ್ರಿಕೆ ಮಾತ್ರ ಕನ್ನಡದಲ್ಲಿ. ಒಂದೇ ಮನೆತನದ ಎರಡು ತಲೆಮಾರಿನ ಬದುಕಿಗೆ ನಾಲ್ಕು ಲಿಪಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ನೆನಪು ಬರೆಯುವವರಿಗೆ ಹಿನ್ನೆಲೆಯ ಸಂಶೋಧನೆ ಎಂದರೆ ಗ್ರಂಥಾಲಯಕ್ಕೆ ಹೋಗಿಬರುವ ಕೆಲಸ. ಇಲ್ಲಿ ಅದು ಮೊದಲು ಸ್ವಂತ ಮನೆಯನ್ನೇ ಅನುವಾದ ಮಾಡಿಕೊಳ್ಳುವ ಕೆಲಸ.

ಭಾಷೆಯ ಈ ಕಲಸುಮೇಲೋಗರಕ್ಕೆ ಆಡಳಿತದ ಕಾರಣವಿದೆ. ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1880ರ ದಶಕದಲ್ಲಿ ಅಲ್ಲಿನ ಕಚೇರಿ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದಾಗ ಪದವಿಯ ಪಾಠವೂ ಉರ್ದುವಿನಲ್ಲೇ ನಡೆಯಿತು. ಆಗಿನ ಬೀದರ ಜಿಲ್ಲೆಯಲ್ಲಿ ಮರಾಠಿ ಮಾತಾಡುವವರು ಹೆಚ್ಚು, ಕನ್ನಡದವರು ಅವರ ನಂತರ, ತೆಲುಗು ಮತ್ತು ಉರ್ದು ಮಾತಿನವರೂ ಕಡಿಮೆಯೇನಿರಲಿಲ್ಲ. ಯಾವ ಭಾಷೆಗೂ ಅರ್ಧ ಜಿಲ್ಲೆ ಸಿಗುತ್ತಿರಲಿಲ್ಲ. ಸಂತೆಗೊಂದು ಮಾತು, ಕಚೇರಿಗೊಂದು ಮಾತು, ಅಡುಗೆಮನೆಗೊಂದು ಮಾತು ಎಂದು ಜನ ಯಾವ ಗಡಿಬಿಡಿಯೂ ಇಲ್ಲದೆ ಬದುಕಿದರು. ತೊಡಕು ಬಂದದ್ದು ಮೊಮ್ಮಕ್ಕಳಿಗೆ.

ಲಿಪಿ ಬಿಡಿಸಿಕೊಂಡರೆ ಮುಂದಿನ ಗಂಟು ದಿನಾಂಕ. ಹೈದರಾಬಾದಿನ ಕಾಗದಗಳಲ್ಲಿ ಇಸವಿಯ ಬದಲು ಫಸಲಿ ಸಾಲು ಇರುತ್ತದೆ. ತಿಂಗಳುಗಳು ಆಜೂರ್, ದೈ, ಬಹಮನ್ ಎಂದು ಸಾಗಿ ಆಬಾನಿಗೆ ಮುಗಿಯುತ್ತವೆ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ ಎಂದು ಹಳಬರು ಬಾಯಿಲೆಕ್ಕ ಹೇಳಿಕೊಡುತ್ತಾರೆ. ಲೆಕ್ಕ ಸರಿಯೇ, ಆದರೆ ಅರ್ಧ ಸರಿ. ಸಂಸ್ಥಾನದ ಕೊನೆಯ ದಶಕಗಳಲ್ಲಿ ಫಸಲಿ ಸಾಲು ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಆದ್ದರಿಂದ ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. 1357 ಫಸಲಿ ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗೆ. ಭಾರತದೊಡನೆ ನಿಜಾಮರು ಮಾಡಿಕೊಂಡ ಯಥಾಸ್ಥಿತಿ ಒಪ್ಪಂದ (29 ನವೆಂಬರ್ 1947), ನಿಜಾಮರ ಪರ ನಿಂತ ರಜಾಕಾರರ ಹಾವಳಿಯ ಅತಿ ಕೆಟ್ಟ ತಿಂಗಳುಗಳು, ಸೆಪ್ಟೆಂಬರಿನಲ್ಲಿ ಭಾರತದ ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆ ಎಲ್ಲವೂ ಈ ಒಂದೇ ಸಾಲಿನ ಹೊಟ್ಟೆಯೊಳಗಿವೆ. ಆಬಾನ್ 1357ರ ಕಾಗದವನ್ನು ಅವಸರದಲ್ಲಿ 1947 ಎಂದು ಬರೆದುಕೊಂಡರೆ, ಸೇನೆ ಬಂದ ತಿಂಗಳ ಸಂಗತಿ ಸೇನೆ ಬರುವುದಕ್ಕೆ ವರ್ಷ ಮೊದಲೇ ನಡೆದಂತಾಗುತ್ತದೆ. ಅಜ್ಜ ಹೆದರಿ ಹೊಲ ಮಾರಿದನೋ, ಹೆದರಿಕೆ ಕಳೆದ ಮೇಲೆ ಮಾರಿದನೋ ಎಂಬುದೇ ತಲೆಕೆಳಗು.

ಹಣಕ್ಕೂ ಇದೇ ಪಾಡು. ಹಳೆಯ ಚೀಟಿಯಲ್ಲಿ ‘ನೂರು ರೂಪಾಯಿ’ ಎಂದಿದ್ದರೆ ಅದು ನಿಜಾಮರ ಹಾಲಿ ಸಿಕ್ಕಾ ಇದ್ದೀತು. ಏಳು ಹಾಲಿ ರೂಪಾಯಿ ಎಂದರೆ ಬ್ರಿಟಿಷ್ ಇಂಡಿಯಾದ ಆರು ರೂಪಾಯಿ. ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವನು ಒಂದು ರೂಪಾಯಿ ಗಳಿಸುತ್ತಿದ್ದ, ಊರಿನಲ್ಲಿ ಉಳಿದವನು ಇನ್ನೊಂದು ರೂಪಾಯಿ ಎಣಿಸುತ್ತಿದ್ದ.

ಕಾಗದವಿಲ್ಲದವರ ಕಾಲಗಣನೆ ಬೇರೆ. “ರಜಾಕಾರರ ಗದ್ಲದಾಗ ನಿಮ್ಮಪ್ಪ ಇನ್ನಾ ತೊಟ್ಟಿಲದಾಗ ಇದ್ದ” ಎನ್ನುವ ಮಾತು ಈ ಭಾಗದ ಮನೆಮನೆಯ ಪಂಚಾಂಗ. ಪ್ಲೇಗಿನ ವರ್ಷ, ಎಪ್ಪತ್ತೆರಡರ ಬರ ಎಂದೂ ಲೆಕ್ಕ ಹಾಕುತ್ತಾರೆ. ಶಾಲೆಯ ದಾಖಲೆ ಹುಡುಕಿದರೆ ಮತ್ತೊಂದು ತಮಾಷೆ: ಅರ್ಧ ಊರು ಜೂನ್ 1ರಂದು ಹುಟ್ಟಿದೆ. ಮಗುವಿನ ಕೈ ತಲೆಯ ಮೇಲಿಂದ ಕಿವಿ ಮುಟ್ಟಿತೋ ಇಲ್ಲವೋ ಎಂದು ನೋಡಿ, ಶಾಲೆ ತೆರೆಯುವ ದಿನಕ್ಕೆ ಹೊಂದುವಂತೆ ಮಾಸ್ತರರು ಬರೆದ ಹುಟ್ಟುಹಬ್ಬ ಅದು. ಅಂಥ ದಾಖಲೆಗಿಂತ ಅಜ್ಜಿಯ ‘ಗದ್ಲ’ವನ್ನು ನಂಬುವುದೇ ವಾಸಿ. ಆ ಗದ್ದಲಕ್ಕೆ ಇಸವಿಯಿದೆ.

ತಾರೀಖು ಕಳೆದುಕೊಂಡು ನೆನಪು ಬರೆಯುವ ಪಾಡು ಬೀದರಕ್ಕೆ ಹೊಸದೇನಲ್ಲ. ಐದೂವರೆ ಶತಮಾನದ ಹಿಂದೆ, ಬಹಮನಿ ಸುಲ್ತಾನರ ಕಾಲದಲ್ಲಿ, ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಹಡಗಿನಲ್ಲಿ ಏರಿಸಿಕೊಂಡು ಭಾರತಕ್ಕೆ ಬಂದ. ಕೊನೆಗೆ ಬೀದರದಲ್ಲಿ ಅದನ್ನು ಮಾರಿದ. ಇಲ್ಲಿ ಆತ ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿಟ್ಟುಕೊಂಡಿದ್ದ. ಬೀದರದ ಅಮೀರರ ವೈಭವ, ಹಳ್ಳಿಯವರ ಬಡತನ, ಆಳಂದದ ಜಾತ್ರೆ ಎಲ್ಲವನ್ನೂ ಬರೆದಿಟ್ಟ. ಆದರೆ ದಾರಿಯಲ್ಲಿ ದರೋಡೆಯಾಗಿ ಅವನ ಧರ್ಮಗ್ರಂಥಗಳು ಹೋಗಿದ್ದವು. ಈಸ್ಟರ್ ಯಾವತ್ತು ಬರುತ್ತದೆ ಎಂದು ತಿಳಿಯದೆ ಕೃತ್ತಿಕೆ ಎಲ್ಲಿದೆ ಎಂದು ಆಕಾಶ ನೋಡಿ ಅಂದಾಜು ಮಾಡಿದ. ಅದರ ಫಲ ಇಂದಿಗೂ ಮುಗಿದಿಲ್ಲ. ಅವನು ಭಾರತದಲ್ಲಿ ಇದ್ದದ್ದು 1469ರಿಂದ 1472ರವರೆಗೆ ಎಂದು ಮೊದಲು ನಂಬಿದ್ದರು. ಬರಹದ ಒಳಗಿನ ಹಬ್ಬಗಳನ್ನು ಮತ್ತೆ ಲೆಕ್ಕ ಹಾಕಿದ ನಂತರದ ವಿದ್ವಾಂಸರು 1471ರಿಂದ 1474 ಎನ್ನುತ್ತಾರೆ. ಕಂಡದ್ದನ್ನು ಕಂಡಂತೆ ಹೇಳಿದ ಮನುಷ್ಯ ವರ್ಷ ಮಾತ್ರ ಹೇಳಲಾರದೆ ಹೋದ.

ಬರೆದದ್ದೆಲ್ಲ ನಿಜವಲ್ಲ ಎಂಬ ಪಾಠಕ್ಕೂ ಬೀದರದಲ್ಲೇ ಉದಾಹರಣೆಯಿದೆ. 1472ರ ಸುಮಾರಿಗೆ ಇಲ್ಲಿ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗಾವಾನನ ವೈರಿಗಳು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆಯುವ ಪತ್ರ ಬರೆದು ಸುಲ್ತಾನ ಮೂರನೆಯ ಮುಹಮ್ಮದ್ ಶಾಹನಿಗೆ ತೋರಿಸಿದರು. ಮುದ್ರೆ ತನ್ನದೇ, ಪತ್ರ ತನ್ನದಲ್ಲ ಎಂದ ಗಾವಾನ. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲಿನಲ್ಲಿ ವಜೀರನ ತಲೆ ಉರುಳಿತು. ಈ ಕಥೆಯನ್ನು ವಿಸ್ತಾರವಾಗಿ ಹೇಳುವ ಇತಿಹಾಸಕಾರ ಫೆರಿಶ್ತಾ ಬರೆದದ್ದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಅದೂ ಬಿಜಾಪುರದ ಆಸ್ಥಾನದಲ್ಲಿ ಕೂತು. ಖೊಟ್ಟಿ ಪತ್ರದ ಕಥೆಯನ್ನೂ ಒರೆಗೆ ಹಚ್ಚಿಯೇ ಓದಬೇಕು ಎನ್ನುವುದು ಇದರೊಳಗಿನ ಚೋದ್ಯ.

ಭಾಲ್ಕಿ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಗೊತ್ತು. ಕಮಲನಗರದಲ್ಲಿ 1890ರಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಪಟ್ಟದ್ದೇವರಾಗಿ, ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸಿದ ಬಗೆ ಈ ಜಿಲ್ಲೆಯ ಜನಪದವೇ ಆಗಿದೆ: ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಆತ್ಮಕತೆ ಬರೆಯುವವರು ಇದನ್ನು ಬರೀ ಅಭಿಮಾನದ ಪ್ರಸಂಗವೆಂದು ಉಲ್ಲೇಖಿಸಿ ಮುಂದೆ ಹೋಗುತ್ತಾರೆ. ಆದರೆ ದಾಖಲೆ ಓದುವವನಿಗೆ ಇದು ಎಚ್ಚರಿಕೆಯ ಗಂಟೆ. ಅಂಥ ಶಾಲೆಯ ಕಾಗದವನ್ನಷ್ಟೇ ನೋಡಿದವನು ಅಲ್ಲಿ ಉರ್ದು ಕಲಿಸಿದರು ಎಂದು ಬರೆದಾನು. ಅಲ್ಲಿ ಕೂತು ಕಲಿತವನ ಬಾಯಿಂದ ಕೇಳಿದವನಿಗೆ ಮಾತ್ರ ಒಳಕೋಣೆಯ ಕಥೆ ತಿಳಿದೀತು. ಸಂದೂಕದಲ್ಲಿ ಅಜ್ಜನ ಉರ್ದು ಸರ್ಟಿಫಿಕೇಟು ಸಿಕ್ಕಿತೆಂದು ಅವನ ಕನ್ನಡವನ್ನು ಅಳಿಸಬೇಕಿಲ್ಲ. ಹಾಗೆಂದು ಅವನು ಗಜಲು ಗುನುಗುತ್ತಿದ್ದದ್ದನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ಈ ಸೀಮೆಯ ನೆನಪುಗಳೆಲ್ಲ ಕೊನೆಗೆ ಬಂದು ನಿಲ್ಲುವುದು 1948ರ ಬಾಗಿಲಲ್ಲಿ. ಆ ವರ್ಷದ ಬಗ್ಗೆ ದೊಡ್ಡವರ ಪುಸ್ತಕಗಳಿಗೆ ಕೊರತೆಯಿಲ್ಲ. ಭಾರತ ಸರ್ಕಾರದ ಪ್ರತಿನಿಧಿಯಾಗಿ ಹೈದರಾಬಾದಿನಲ್ಲಿದ್ದ ಕೆ.ಎಂ. ಮುನ್ಶಿ 1957ರಲ್ಲಿ ತಮ್ಮ ನೆನಪು ಪ್ರಕಟಿಸಿದರು. ನಿಜಾಮರ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿ 1962ರಲ್ಲಿ ಉತ್ತರ ಕೊಟ್ಟಂತೆ ತಮ್ಮದನ್ನು ಬರೆದರು. ಸ್ಟೇಟ್ ಕಾಂಗ್ರೆಸ್ಸಿನ ಹೋರಾಟ ಮುನ್ನಡೆಸಿ, ಸೇನೆ ಬರುವ ತನಕ ಜೈಲಿನಲ್ಲಿದ್ದ ಸ್ವಾಮಿ ರಮಾನಂದ ತೀರ್ಥರ ನೆನಪುಗಳು 1967ರಲ್ಲಿ ಬಂದವು; ಸಿಂದಗಿಯಲ್ಲಿ ಹುಟ್ಟಿದ ಅವರು ಬರೆದದ್ದು ಇಂಗ್ಲಿಷಿನಲ್ಲಿ. ನಿಜಾಮರ ಸೇನಾಪತಿ ಎಲ್ ಎಡ್ರೂಸರ ಪುಸ್ತಕ ಹೊರಬಿದ್ದದ್ದು 1994ರಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಸೇನೆ ಬಂದ ಅದೇ ಐದು ದಿನಗಳ ಬಗ್ಗೆ ನಾಲ್ವರು, ನಾಲ್ಕು ದಿಕ್ಕಿನಿಂದ. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಓದುವುದು ಒಳ್ಳೆಯ ಅಭ್ಯಾಸ. ಆದರೆ ಅವರ ಕಣ್ಣು ರಾಜಧಾನಿಯ ಮೇಲೆ. ಔರಾದ ಸೀಮೆಯ ಹಳ್ಳಿಯಲ್ಲಿ ಆ ವಾರ ರೊಟ್ಟಿ ಬಡಿದರೋ ಇಲ್ಲವೋ ಎಂಬುದು ಅವುಗಳಲ್ಲಿ ಸಿಗುವುದಿಲ್ಲ.

ಹಳ್ಳಿಗಳಲ್ಲಿ ಸಿಗುವುದು ಎರಡು ನೆನಪು, ಕೆಲವೊಮ್ಮೆ ಒಂದೇ ಊರಿನ ಎರಡು ಓಣಿಗಳಲ್ಲಿ. ಒಂದು, ಸೆಪ್ಟೆಂಬರಿಗೆ ಮೊದಲಿನದು. ಖಾಸಿಂ ರಜವಿಯ ರಜಾಕಾರರು ಊರು ಸುಟ್ಟದ್ದು, ಜನ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿದ್ದು. ಬಸವಕಲ್ಯಾಣದ ಬಳಿಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯಲ್ಲಿ ಸತ್ತವರು ಊರವರ ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಮನೆಗೆ ಬೆಂಕಿ ಬಿದ್ದು ಮಲ್ಲಿಕಾರ್ಜುನ ಖರ್ಗೆಯವರು ತಾಯಿಯನ್ನೂ ಸಹೋದರಿಯನ್ನೂ ಕಳೆದುಕೊಂಡದ್ದು ಬಾಲಕನಾಗಿದ್ದಾಗ. ಆ ಸಂಗತಿ ನಾಡಿಗೆಲ್ಲ ತಿಳಿದದ್ದು ಅವರ ಮಗನ ಬಾಯಿಂದ, ಏಳು ದಶಕಗಳ ಮೇಲೆ. ಮನೆಯೊಳಗಿನ ಮೌನ ಎಷ್ಟು ದಪ್ಪಗಿರುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ನೆನಪು ಸೆಪ್ಟೆಂಬರ್ 17ರ ನಂತರದ್ದು. ರಜಾಕಾರರು ಕೊಡಬೇಕಾಗಿದ್ದ ಲೆಕ್ಕವನ್ನು ಅನೇಕ ಕಡೆ ನೆರೆಯ ಮುಸ್ಲಿಮರಿಂದ ವಸೂಲು ಮಾಡಲಾಯಿತು. ಪಂಡಿತ ಸುಂದರಲಾಲ್ ಅವರ ಸಮಿತಿ ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಸಂಸ್ಥಾನದಲ್ಲಿ ತಿರುಗಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡಗಳನ್ನು ಹೆಸರಿಸಿತು. ಸಂಸ್ಥಾನದಾದ್ಯಂತ ಸತ್ತವರು ಕನಿಷ್ಠ 27,000ದಿಂದ 40,000 ಎಂದು ಅಂದಾಜು ಮಾಡಿತು. ಸರ್ಕಾರ ದಶಕಗಳ ಕಾಲ ಸಮಿತಿಯ ವರದಿಯನ್ನು ಪ್ರಕಟಿಸಲಿಲ್ಲ. ಪೂರ್ಣ ಪಾಠ ಸಾಮಾನ್ಯ ಓದುಗರ ಕೈಗೆ ಬಂದದ್ದು 2013ರಲ್ಲಿ. ಅಷ್ಟರಲ್ಲಿ ಕಣ್ಣಾರೆ ಕಂಡವರಲ್ಲಿ ಹೆಚ್ಚಿನವರು ಮಣ್ಣಾಗಿದ್ದರು.

ಆತ್ಮಕತೆಯಲ್ಲಿ ಮೊದಲರ್ಧ ಬರೆದು ಎರಡನೆಯ ಅರ್ಧ ಬಿಡುವುದು ಸುಲಭ. ಬೇರೆ ಓಣಿಯವನಿಗೆ ಎರಡನೆಯ ಅರ್ಧವಷ್ಟೇ ಬರೆಯುವುದು ಸುಲಭ. ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ. ತನ್ನ ಅಪ್ಪ ಆ ವರ್ಷ ಎಲ್ಲಿದ್ದ ಎಂದು ತಿಂಗಳು ತಿಂಗಳಿಗೆ ಗುರುತು ಹಾಕಿ ನೋಡಿದವನಿಗೆ ಮಾತ್ರ ಎರಡೂ ಅರ್ಧಗಳು ಒಂದೇ ಅಂಗಳದಲ್ಲಿ ನಡೆದದ್ದು ಕಾಣುತ್ತದೆ. ಹಾಗೆ ನೋಡಲು ಧೈರ್ಯ ಬೇಕು. ಅಪ್ಪ ಕಂಡದ್ದಷ್ಟೇ ಹೊರಬೀಳುತ್ತದೆ ಎಂಬ ಖಾತ್ರಿ ಇಲ್ಲವಲ್ಲ, ಅಪ್ಪ ಮಾಡಿದ್ದೂ ಹೊರಬಿದ್ದೀತು.

ಇಷ್ಟೆಲ್ಲ ಕಾಗದದ ಮಾತು ಕಾಗದ ಇದ್ದವರದು. ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ ಎಂಬ ಊರಿನ ಹುದ್ದೆಗಳು ಈ ಭಾಗದಲ್ಲಿ ಇಂದಿಗೂ ಅಡ್ಡಹೆಸರಾಗಿ ಉಳಿದಿವೆ. ಅಂಥ ಮನೆಗಳಲ್ಲಿ ಸಂದೂಕ ಇರುತ್ತದೆ. ಹೊಲವೇ ಇಲ್ಲದವನ ಹೆಸರು ಪಹಣಿಯಲ್ಲಿ ಎಲ್ಲಿಂದ ಬರಬೇಕು? ಸಾಲಕ್ಕೆ ಜೀತ ಬಿದ್ದವರನ್ನು ಹೈದರಾಬಾದಿನಲ್ಲಿ ಭಗೇಲಾ ಎನ್ನುತ್ತಿದ್ದರು. ಆ ಪದ್ಧತಿಗೆ ಕಡಿವಾಣ ಹಾಕಲು 1936ರಲ್ಲಿ ಸಂಸ್ಥಾನ ಕಾನೂನು ತಂದಿತು. ಎಸ್. ಕೇಶವ ಅಯ್ಯಂಗಾರರು 1929-30ರಲ್ಲಿ ಸಂಸ್ಥಾನದ ಹಳ್ಳಿಗಳ ಆರ್ಥಿಕ ಸಮೀಕ್ಷೆ ನಡೆಸಿ ಸಂಪುಟಗಳನ್ನೇ ತಂದರು. ದಲಿತ ಕೇರಿಯಿಂದ ಬಂದ ಲೇಖಕ ತನ್ನ ಅಜ್ಜನ ಹೆಸರನ್ನು ಅಲ್ಲಿ ಕಾಣಲಾರ. ಅಜ್ಜನಂಥವರ ಕೂಲಿ, ಸಾಲ, ಊಟದ ಲೆಕ್ಕವನ್ನು ಕಂಡಾನು. ತನ್ನ ಮನೆಯ ನೋವು ತನ್ನ ಮನೆಯದಷ್ಟೇ ಆಗಿರಲಿಲ್ಲ ಎಂದು ತಿಳಿಯುವುದು ಅಂಥ ಒಣ ಸಂಪುಟಗಳಲ್ಲೇ.

ಹೆಂಗಸರದು ಬೇರೆಯೇ ಗಂಟು. ಈ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವ ವಾಡಿಕೆ ಬಹಳ ಮನೆಗಳಲ್ಲಿತ್ತು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು, ಮತದಾರರ ಪಟ್ಟಿಯಲ್ಲಿ ಮೂರನೆಯದು. ಅಜ್ಜಿಯನ್ನು ಹುಡುಕಿ ಹೊರಟವನು ಮೂವರು ಹೆಂಗಸರನ್ನು ಹುಡುಕಬೇಕಾಗುತ್ತದೆ. ಹೀಗಾಗಿ ಬೀಸುವ ಕಲ್ಲಿನ ಹಾಡು, ಸೋಬಾನೆ ಪದಗಳು ಇಲ್ಲಿ ದಾಖಲೆಯ ಕೆಲಸ ಮಾಡುತ್ತವೆ: ತವರಿನ ಊರು, ಅಣ್ಣನ ಹೆಸರು, ದಾರಿಯ ಹೊಳೆ ಎಲ್ಲವೂ ಅವುಗಳಲ್ಲಿ ಉಳಿದಿರುತ್ತವೆ. ವಂಶಾವಳಿ ಹೇಳುವ ಹೆಳವರು ಉತ್ತರ ಕರ್ನಾಟಕದ ಊರುಗಳಿಗೆ ಎತ್ತಿನ ಮೇಲೆ ಬಂದು ತಲೆಮಾರುಗಳನ್ನು ಓದಿ ಹೇಳುತ್ತಿದ್ದರು. ತ್ರ್ಯಂಬಕೇಶ್ವರದ ಪುರೋಹಿತರ ವಹಿಗಳಲ್ಲಿ ಯಾತ್ರೆಗೆ ಹೋದ ಹಿರಿಯರ ಹೆಸರುಗಳಿರುತ್ತವೆ. ಎರಡರಲ್ಲೂ ಗಂಡಸರ ಸಾಲೇ ಉದ್ದ.

ಕಾಗದ ಎಲ್ಲಿ ಹೋಯಿತು ಎನ್ನುವ ಕಥೆಯೂ ಸಣ್ಣದಲ್ಲ. ಜಹಗೀರುಗಳು 1949ರಲ್ಲಿ ರದ್ದಾದವು. ಜಹಗೀರುದಾರರ ಕಚೇರಿಗಳ ದಫ್ತರ ಎಲ್ಲೆಲ್ಲೋ ಚದುರಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಹೋಳಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಆಗ ಸಂತಪುರ ಎಂದೂ ಕರೆಯುತ್ತಿದ್ದ ಔರಾದ ಮೈಸೂರಿಗೆ ಬಂದವು. ಉದಗೀರ, ಅಹಮದಪುರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ. 1950ರಲ್ಲಿ ನಾರಾಯಣಖೇಡದಲ್ಲಿ ಹುಟ್ಟಿ ಊರು ಬಿಡದೆ ಕೂತವನು ಹೈದರಾಬಾದ್, ಆಂಧ್ರಪ್ರದೇಶ, 2014ರ ನಂತರ ತೆಲಂಗಾಣ ಎಂದು ಮೂರು ರಾಜ್ಯಗಳಲ್ಲೂ ಬೀದರ, ಮೆದಕ್, ಸಂಗಾರೆಡ್ಡಿ ಎಂದು ಮೂರು ಜಿಲ್ಲೆಗಳಲ್ಲೂ ಬದುಕಿದ್ದಾನೆ. ಉದಗೀರದ ಅವನ ಷಡ್ಡಕನ ಊರು ಬೀದರದಿಂದ ಉಸ್ಮಾನಾಬಾದಿಗೆ, 1982ರಲ್ಲಿ ಲಾತೂರಿಗೆ ಸೇರಿತು. ಹೀಗಾಗಿ ಚಿಂತಾಕಿಯ ಒಂದು ಮದುವೆಯ ಕಥೆ ಬರೆಯಲು ಮೂರು ರಾಜ್ಯಗಳ ಕಚೇರಿ ಮೆಟ್ಟಿಲು ಹತ್ತಬೇಕಾದೀತು. ಸಂಸ್ಥಾನದ ದೊಡ್ಡ ದಫ್ತರವಂತೂ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿದೆ, ಪಾರಸಿ ಮತ್ತು ಉರ್ದುವಿನಲ್ಲಿ.

ಈ ಪ್ರದೇಶದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ಕಲಮು ಬಂದ ಮೇಲೆ ಈ ಸಂದೂಕಗಳಿಗೆ ಅನಿರೀಕ್ಷಿತ ಬೆಲೆ ಬಂತು. ಮಕ್ಕಳಿಗೆ ಮೀಸಲಾತಿಯ ಅರ್ಹತಾ ಪತ್ರ ಬೇಕಾದಾಗ ತಾವು ಈ ನೆಲದವರು ಎಂದು ತೋರಿಸಲು ಜನ ಹಳೆಯ ಕಾಗದ ಹುಡುಕಿದರು. ಕೆಲಸ ಮುಗಿದ ಮೇಲೆ ಮತ್ತೆ ಮಡಚಿಟ್ಟರು. ಅದೇ ಕಾಗದದಲ್ಲಿ ಅಜ್ಜನ ಸಾಲವೂ ಅಣ್ಣತಮ್ಮಂದಿರ ಜಗಳವೂ ಇತ್ತು ಎಂದು ಗಮನಿಸಿದವರು ಕಡಿಮೆ. 2019ರ ಸೆಪ್ಟೆಂಬರ್ 17ರಂದು ಪ್ರದೇಶದ ಹೆಸರೇ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಇನ್ನು ಮುಂದೆ ಬರೆಯುವವರು ‘ನಾನು ಹುಟ್ಟಿದ್ದು ಕಲ್ಯಾಣ ಕರ್ನಾಟಕದಲ್ಲಿ’ ಎಂದು ಶುರುಮಾಡಬಹುದು. 1945ರಲ್ಲಿ ಹುಟ್ಟಿದವರು ಹಾಗೆ ಬರೆದರೆ ಅಷ್ಟು ಸರಿಯಾಗುವುದಿಲ್ಲ.

ಬೀದರದಲ್ಲಿ ಹಳೆಯ ಉರ್ದು ಕೈಬರಹ ಓದಿ ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮೋಡಿ ಓದುವವರು ಇನ್ನೂ ಅಪರೂಪ. ನಿಕಿತಿನ್ ಊರು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ಬಳಿ ದಾರಿಯಲ್ಲೇ ತೀರಿಕೊಂಡ. ಅವನ ಹಾಳೆಗಳನ್ನು ವ್ಯಾಪಾರಿಗಳು 1475ರಲ್ಲಿ ಮಾಸ್ಕೋಗೆ ಮುಟ್ಟಿಸಿದರು. ಚಿಂತಾಕಿಯ ಹಾಳೆಗಳು ಎಲ್ಲಿಗೂ ಹೋಗಬೇಕಾಗಿಲ್ಲ. ಅಣ್ಣನ ಹೊಲದ ಪಹಣಿ ಈಗ ಕನ್ನಡದಲ್ಲಿ ಕಂಪ್ಯೂಟರಿನಿಂದ ಹೊರಬರುತ್ತದೆ, ಗಡಿಯಾಚೆಯ ತಮ್ಮನದು ತೆಲುಗಿನಲ್ಲಿ. ಎರಡೂ ಹೊಲ ಒಂದೇ ಆಗಿದ್ದ ಕಾಲದ ಉರ್ದು ಹಾಳೆ ಸಂದೂಕದ ತಳದಲ್ಲಿದೆ, ಬೇವಿನ ಸೊಪ್ಪಿನ ಕೆಳಗೆ.